‘ಎ ಸೋಲ್ಜರ್ಸ್ ಪ್ಲೇ’: ಸಜ್ಜಿಕೆ, ಬೆಳಕು, ಪರಿಕರ ನೋಡಿಕೊಂಡ ಅನುಭವ

ಚಾರ್ಲ್ಸ್ ಫುಲ್ಲರ್ ಅವರ ಈ ನಾಟಕವನ್ನು ನ್ಯೂಯಾರ್ಕಿನ ನೀಗ್ರೋ ಎನ್‌ಸೆಂಬಲ್ ಕಂಪನಿ 1981ರಲ್ಲಿ ಮೊದಲು ಆಡಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಕಥೆ ನಡೆಯುವುದು 1944ರಲ್ಲಿ, ಲೂಸಿಯಾನಾದ ಸೇನಾ ಶಿಬಿರದಲ್ಲಿ. ಅಮೆರಿಕದ ಸೇನೆಯಲ್ಲಿ ಆಗ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಅದನ್ನು ಕೊನೆಗಾಣಿಸುವ ಅಧ್ಯಕ್ಷ ಟ್ರೂಮನ್ ಆದೇಶ ಹೊರಟಿದ್ದು 1948ರಲ್ಲಿ. ಕಪ್ಪು ಸಾರ್ಜೆಂಟ್ ವಾಟರ್ಸ್ ಕೊಲೆಯಾಗುತ್ತಾನೆ. ತನಿಖೆಗೆ ಬರುವ ಕ್ಯಾಪ್ಟನ್ ಡೇವನ್‌ಪೋರ್ಟ್ ಕೂಡ ಕಪ್ಪು ಮನುಷ್ಯ. ಅನುಮಾನ ಮೊದಲು ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲ್ಯಾನಿನ ಮೇಲೆ, ಆಮೇಲೆ ಬಿಳಿಯ ಅಧಿಕಾರಿಗಳ ಮೇಲೆ, ಕೊನೆಗೆ ತುಕಡಿಯ ಒಳಗೇ. ದ್ವೇಷ ಹೊರಗಿನಿಂದ ಒಳಕ್ಕಿಳಿದ ಈ ದಾರಿ ಪ್ರೇಕ್ಷಕರ ಕಣ್ಣಿಗೆ ಕಾಣಬೇಕು. ನಮ್ಮ ಕೆಲಸವೆಲ್ಲ ಅದಕ್ಕಾಗಿ.

ರಂಗದ ಎಡಕ್ಕೆ ಕಚೇರಿ, ಬಲಕ್ಕೆ ಸೈನಿಕರು ಮಲಗುವ ಬ್ಯಾರಕ್, ಹಿಂದೆ ಎತ್ತರದಲ್ಲಿ ಖಾಲಿ ಲೆವೆಲ್ (ಮರದ ಕಟ್ಟೆ): ಒಟ್ಟಿನಲ್ಲಿ ಕುದುರೆ ಲಾಳದ ಆಕಾರ. ಲೆವೆಲ್‌ಗಳನ್ನು 8, 16, 24 ಇಂಚಿನಲ್ಲಿ ಕಟ್ಟಿದೆವು. ಮೆಟ್ಟಿಲು ಒಂದೇ ಅಳತೆಯಲ್ಲಿದ್ದರೆ ಕತ್ತಲಲ್ಲಿ ಕಾಲು ತಪ್ಪುವುದಿಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್ ಮೇಲೆ ಬೂಟು ಬಿದ್ದರೆ ಒಳಗಿನ ಟೊಳ್ಳು ಡೋಲು ಹೊಡೆದಂತೆ ಸದ್ದು ಮಾಡಿ ಮಾತನ್ನು ನುಂಗುತ್ತದೆ. ಚೌಕಟ್ಟಿನೊಳಗೆ ಹಳೇ ಕಾರ್ಪೆಟ್ ತುರುಕಿದರೆ ಸದ್ದು ಬೂಟಿನದಷ್ಟೇ ಉಳಿಯುತ್ತದೆ.

ನಾಟಕದ ಪ್ರಾಣ ಇರುವುದು ಹಿಂದಿನ ಘಟನೆಗಳಲ್ಲಿ. ಸಾಕ್ಷಿ ಕಚೇರಿಯಲ್ಲಿ ಮಾತಾಡುತ್ತಲೇ ಎದ್ದು ಹಳೆಯ ದೃಶ್ಯದೊಳಗೆ ನಡೆದುಹೋಗುತ್ತಾನೆ. ಇಲ್ಲಿ ದೀಪವೆಲ್ಲ ಆರಿಸಿ ಬ್ಲ್ಯಾಕ್‌ಔಟ್ ಮಾಡಲೇಬಾರದು. ದೀಪದ ಮುಂದಿಡುವ ಲೀ ಕಂಪನಿಯ ಬಣ್ಣದ ಹಾಳೆಗಳಲ್ಲಿ ಕಚೇರಿಗೆ 202ರ ತಂಪು ನೀಲಿ, ನೆನಪಿನ ದೃಶ್ಯಕ್ಕೆ 205ರ ಬೆಚ್ಚನೆ ಕಿತ್ತಳೆ ಹಾಕಿದೆವು. ಬದಲಾವಣೆಗೆ 3ರಿಂದ 4 ಸೆಕೆಂಡು. ಅದಕ್ಕಿಂತ ಬೇಗ ಆದರೆ ಸ್ವಿಚ್ ಒತ್ತಿದಂತೆ ಕಾಣುತ್ತದೆ, ನಿಧಾನವಾದರೆ ಸಂಭಾಷಣೆಯ ಓಟ ಸಾಯುತ್ತದೆ. ದೀಪ ಬದಲಿಸುವ ಸೂಚನೆ, ಅಂದರೆ ಕ್ಯೂ, ಕೊಡುವುದು ಕೊನೆಯ ಮಾತಿಗಲ್ಲ, ನಟ ತಿರುಗುವ ಭುಜಕ್ಕೆ. ಡೇವನ್‌ಪೋರ್ಟ್ ಮೇಲಿನ ದೀಪವನ್ನು ಪೂರ್ತಿ ಆರಿಸದೆ 20%ನಲ್ಲಿ ಬಿಡಿ. ಅವನು ನೋಡುತ್ತಿದ್ದಾನೆ ಎಂಬುದು ಮರೆಯಬಾರದು.

ತುಕಡಿಯ ಸೈನಿಕ ವಿಲ್ಕಿಯ ಅಂಗಿಗೆ ಹೆಚ್ಚು ಹೊತ್ತು ಕೊಡಿ. ವರ್ಷಗಟ್ಟಲೆ ದುಡಿದು ಪಡೆದ ಅವನ ದರ್ಜೆಯ ಪಟ್ಟಿಗಳನ್ನು ವಾಟರ್ಸ್ ಕಿತ್ತುಕೊಂಡಿದ್ದಾನೆ. ತೋಳಿನಲ್ಲಿ ಪಟ್ಟಿ ಇದ್ದ ಜಾಗದ ಗುರುತು ಉಳಿದಿದ್ದರೆ ಅವನು ಬಾಯಿ ಬಿಡುವ ಮುಂಚೆಯೇ ಅವಮಾನ ಕಾಣುತ್ತದೆ. ಬಣ್ಣ ಹಚ್ಚಿ ಗುರುತು ಮಾಡಿದರೆ ದೀಪದ ಕೆಳಗೆ ಎಣ್ಣೆ ಕಲೆಯಂತೆ ತೋರುತ್ತದೆ. ಮೊದಲು ಪಟ್ಟಿಯನ್ನು ಅಂಚಿನವರೆಗೂ ಒತ್ತಾಗಿ ಹೊಲಿಯಿರಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ಹೀಗೇ ಮತ್ತೆ ಮತ್ತೆ. ಬಟ್ಟೆ ಮಾಸಿದ ಮೇಲೆ ಹೊಲಿಗೆ ಬಿಚ್ಚಿ. ಅಡಿಯ ಖಾಕಿ ಗಾಢವಾಗಿ, ಸುತ್ತ ಸೂಜಿಯ ತೂತುಗಳ ಸಮೇತ ಉಳಿದಿರುತ್ತದೆ. ಅವಸರಕ್ಕೆ ಬ್ಲೀಚ್ ಸುರಿದರೆ ಅಂಗಿಯೆಲ್ಲ ಮಚ್ಚೆಮಚ್ಚೆ. ವಾಟರ್ಸ್ ಟೆಕ್ನಿಕಲ್ ಸಾರ್ಜೆಂಟ್: ಮೇಲೆ ಮೂರು ಕೋನದ ಪಟ್ಟಿ, ಕೆಳಗೆ ಎರಡು ಕಮಾನು.

ಸೆಲ್ಯೂಟನ್ನು ತಾಲೀಮಿನ ಮೊದಲ ವಾರದಿಂದಲೇ ಕಲಿಸಬೇಕು. ಭಾರತೀಯ ಭೂಸೇನೆಯದನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಅಂಗೈ ಎದುರಿಗೆ ಕಾಣುವುದೇ ರೂಢಿ. ಅಮೆರಿಕದ ಸೈನಿಕನ ಅಂಗೈ ಕೆಳಮುಖ. ಬಿಳಿಯನೊಬ್ಬ ಕಪ್ಪು ಕ್ಯಾಪ್ಟನ್‌ಗೆ ಕೈ ಎತ್ತುವ ಮುನ್ನ ಅರೆಕ್ಷಣ ತಡೆದರೆ ಸಾಕು. ಎರಡು ಕ್ಷಣವಾದರೆ ಅಭಿನಯ ಹೆಚ್ಚಾಯಿತು.

ಕೊಲೆಯ ದೃಶ್ಯಕ್ಕೆ ಖಾಲಿ ತೋಟಾ (ಗುಂಡಿಲ್ಲದೆ ಮದ್ದು ಮಾತ್ರ ಇರುವುದು) ಬೇಡವೇ ಬೇಡ. ಹತ್ತಿರದಿಂದ ಅದೂ ಪ್ರಾಣ ತೆಗೆಯಬಲ್ಲದು. ನಳಿಗೆ ಮುಚ್ಚಿದ .45 ಪಿಸ್ತೂಲಿನ ಪ್ರತಿಕೃತಿ ಬಳಸಿ, ಸದ್ದನ್ನು ಲೆವೆಲ್ ಕೆಳಗಿಟ್ಟ ಸ್ಪೀಕರಿನಿಂದ ಕೊಟ್ಟೆವು. ಸಭಾಂಗಣದ ಸ್ಪೀಕರಿನಿಂದ ಬಂದರೆ ಗುಂಡು ತಲೆಯ ಮೇಲೆಲ್ಲೋ ಹಾರಿದಂತೆ ಕೇಳುತ್ತದೆ. ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಲಿ, ಒಬ್ಬರೇ ಕೊಟ್ಟು ಅವರೇ ವಾಪಸು ಪಡೆಯಲಿ, ಪ್ರತಿ ಪ್ರದರ್ಶನಕ್ಕೂ ಮುನ್ನ ನಟನ ಎದುರೇ ನಳಿಗೆ ತೋರಿಸಲಿ.