ಪದಬಂಧಕ್ಕೆ ನೆರವು ಕೇಳುವ ಬಗೆ: ನನ್ನ ಅನುಭವ

ದಿನಪತ್ರಿಕೆಯ ಪದಬಂಧವನ್ನು ಒಬ್ಬರೇ ಕೂತು ಮುಗಿಸಬೇಕೆಂಬ ನಿಯಮ ಏನೂ ಇಲ್ಲ. ಮನೆಯವರನ್ನು, ಅಕ್ಕಪಕ್ಕದವರನ್ನು, ನಿಘಂಟನ್ನು, ಮೊಬೈಲನ್ನು ಧಾರಾಳವಾಗಿ ಕೇಳಬಹುದು. ಆದರೆ ಬರೀ ಸುಳಿವನ್ನು ಓದಿ ‘ಇದಕ್ಕೇನು ಬರುತ್ತೆ?’ ಅಂದರೆ ಹತ್ತು ಪದ ಸಿಗುತ್ತವೆ, ಒಂದೂ ಚೌಕದಲ್ಲಿ ಕೂರುವುದಿಲ್ಲ. ಕೇಳುವ ಮುಂಚೆ ಮೂರು ಸಂಗತಿ ಗೊತ್ತಿರಬೇಕು: ಎಷ್ಟು ಅಕ್ಷರ, ಯಾವ ಚೌಕದಲ್ಲಿ ಯಾವ ಅಕ್ಷರ ಆಗಲೇ ಕೂತಿದೆ, ಉತ್ತರ ಯಾವ ರೂಪದಲ್ಲಿ ಕೊನೆಯಾಗಬೇಕು. ಹಾಸನದಲ್ಲಿ ಕೂತು ನಾನು ದಿನಾ ಬಿಡಿಸುವುದು ಈ ಕ್ರಮದಲ್ಲೇ.

ಮೊದಲು ಎಣಿಕೆ. ಗುಣಿತ, ಒತ್ತು, ಅನುಸ್ವಾರ, ವಿಸರ್ಗ ಯಾವುದಕ್ಕೂ ಬೇರೆ ಚೌಕವಿಲ್ಲ. ಕೃಷ್ಣ ಎರಡು ಚೌಕ, ಸಂಗೀತ ಮೂರು, ದುಃಖ ಎರಡು, ಸೂರ್ಯ ಎರಡು. ಪದದ ಕೊನೆಗೆ ಅರ್ಧಾಕ್ಷರ ಬಂದರೆ ಸಾಮಾನ್ಯವಾಗಿ ಅದಕ್ಕೆ ಒಂದು ಚೌಕ ಕೊಡುತ್ತಾರೆ. ಹಾಗಾಗಿ ಬಸ್ ಎಂದರೂ ಎರಡು, ಬಸ್ಸು ಎಂದರೂ ಎರಡು. ಇಂಥ ಕಡೆ ಕೊನೆಯ ಚೌಕದಲ್ಲಿ ಸಣ್ಣದಾಗಿ ‘ಸ’ ಎಂದು ಗುರುತು ಹಾಕಿ ಮುಂದೆ ಹೋಗಬೇಕು; ಅಡ್ಡ ಬರುವ ಪದ ಅದನ್ನು ತೀರ್ಮಾನ ಮಾಡುತ್ತದೆ. ಇದಕ್ಕೆ ಮೆತ್ತಗಿನ 2ಬಿ ಪೆನ್ಸಿಲ್ ಒಳ್ಳೆಯದು. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆ, ಪತ್ರಿಕೆ ತೇವ ಹೀರಿಕೊಂಡಿರುತ್ತದೆ. ಗಟ್ಟಿ ಪೆನ್ಸಿಲ್ ಒತ್ತಿದರೆ ಹಾಳೆ ಹರಿಯುತ್ತದೆ, ಪೆನ್ನಿನ ಶಾಯಿ ಹರಡುತ್ತದೆ.

ಎರಡನೆಯದಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಯಾರನ್ನೂ ಕೇಳದೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸಂಖ್ಯೆ ಇರುವ ಚೌಕವೆಂದರೆ ಅಲ್ಲಿಂದ ಒಂದು ಪದ ಶುರುವಾಗುತ್ತದೆ. ಕನ್ನಡದಲ್ಲಿ ಪದ ಶುರುವಾಗುವ ಜಾಗಕ್ಕೆ ಕೆಲವು ಅಕ್ಷರ ಬರುವುದೇ ಇಲ್ಲ. ಳ, ಣ ಬರುವುದಿಲ್ಲ. ದ್ದ, ಟ್ಟ, ಲ್ಲ, ಳ್ಳ ಥರದ ಒತ್ತಕ್ಷರಗಳೂ ಬರುವುದಿಲ್ಲ. ‘ಹಳ್ಳಿ’ ಎಂದೇ ಸುಳಿವಿಗೆ ಅರ್ಥವಾದರೂ, ಎರಡನೆಯ ಚೌಕದಿಂದ ಕೆಳಕ್ಕೆ ಇನ್ನೊಂದು ಪದ ಹೊರಟಿದ್ದರೆ ‘ಳ್ಳಿ’ ಅಲ್ಲಿ ಇರಲಾರದು. ಉತ್ತರ ‘ಗ್ರಾಮ’ ಆಗಿರಬಹುದು, ಕೆಳಗಿನ ಪದ ‘ಮ’ದಿಂದ ಶುರುವಾಗುತ್ತದೆ. ಸ್ತ, ಪ್ರ, ಕ್ಷ, ಜ್ಞದಂಥವು ಮೊದಲ ಚೌಕಕ್ಕೆ ಬಂದರೆ ಸಂಸ್ಕೃತದಿಂದ ಬಂದ ಪದ ಹುಡುಕಬೇಕು, ಇಲ್ಲವೇ ಪ್ರೆಸ್, ಟ್ರಂಕು ಥರದ್ದು. ಮಹಾಪ್ರಾಣದ್ದೂ ಹೀಗೇ: ಅಡ್ಡಪದದಿಂದ ಧ, ಭ, ಘ ಬಂದು ಕೂತಿದ್ದರೆ ಅಚ್ಚಗನ್ನಡದ ಪದಗಳನ್ನು ಯೋಚಿಸುತ್ತಾ ಹೊತ್ತು ಕಳೆಯಬೇಕಿಲ್ಲ.

ನೀರಿನ ಪದಗಳು ಪದಬಂಧ ಕಟ್ಟುವವರಿಗೆ ಬಹಳ ಪ್ರಿಯ. ಇವುಗಳಲ್ಲಿ ಕೊನೆಯ ಅಕ್ಷರವೇ ಅರ್ಥ ಹೇಳುತ್ತದೆ. ‘ಜ’ ಬಂದರೆ ತಾವರೆ: ಜಲಜ, ವಾರಿಜ, ಅಂಬುಜ. ‘ದ’ ಬಂದರೆ ಮೋಡ: ಜಲದ, ವಾರಿದ, ಅಂಬುದ. ‘ಧಿ’ ಬಂದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಎಲ್ಲವೂ ಮೂರೇ ಚೌಕ. ‘ಸಮುದ್ರ (3)’ ಎಂದಾಗ ಸಾಗರ, ಕಡಲು, ಶರಧಿ, ಉದಧಿ ಕೂಡ ಸಾಲಿನಲ್ಲಿ ನಿಲ್ಲುತ್ತವೆ. ಆದರೆ ಮೂರನೆಯ ಚೌಕದಿಂದ ಕೆಳಕ್ಕೆ ‘ಸೊಕ್ಕು (3)’ ಇದ್ದರೆ ‘ಧಿಮಾಕು’ ಕೂರುತ್ತದೆ, ಸಾಗರವೂ ಕಡಲೂ ಹೊರಗೆ ಹೋಗುತ್ತವೆ. ಜಲಧಿಯೋ ಶರಧಿಯೋ ಉದಧಿಯೋ ಎಂದು ‘ಧಿ’ಯಲ್ಲಿ ಮುಗಿಯುವ ಪದಗಳು ಮಾತ್ರ ಉಳಿಯುತ್ತವೆ. ಈಗ ಕೇಳಿದರೆ ಯಾರಾದರೂ ನೆರವಾಗಬಲ್ಲರು.

ಮೂರನೆಯದು ರೂಪ. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ: ‘ಕುದುರೆಗಳು (4)’ ಅಶ್ವಗಳು. ‘ಬೆಟ್ಟದಲ್ಲಿ (4)’ ಗಿರಿಯಲ್ಲಿ. ‘ನಿದ್ರಿಸು (3)’ ಮಲಗು, ‘ನಿದ್ರಿಸಿದ (4)’ ಮಲಗಿದ. ಹೀಗೆ ಕೊನೆಯ ಒಂದೆರಡು ಚೌಕಗಳನ್ನು ಅರ್ಥ ಹೊಳೆಯುವ ಮೊದಲೇ ತುಂಬಿಡಬಹುದು. ‘ತಿರುಗಿದೆ’, ‘ತಲೆಕೆಳಗಾಗಿದೆ’, ‘ಅಡಗಿದೆ’ ಎಂಬ ಮಾತು ಸುಳಿವಿನಲ್ಲಿ ಕಂಡರೆ ಆಟವೇ ಬೇರೆ. ‘ಹೊಳೆ ತಿರುಗಿದರೆ ಹಗಲು (2)’ ಅಂದರೆ ನದಿಯನ್ನು ತಿರುಗಿಸಿ ದಿನ. ಇಲ್ಲಿ ಗುಡಿಸು (‘ಇ’ಕಾರದ ಗುರುತು) ತನ್ನ ಅಕ್ಷರದ ಜೊತೆಯೇ ಹೋಗುತ್ತದೆ ಎನ್ನುವುದನ್ನು ಗಮನಿಸಬೇಕು. ಅಕ್ಷರ ತಿರುಗಿಸಿ ಗುಣಿತವನ್ನು ಇದ್ದಲ್ಲೇ ಬಿಟ್ಟರೆ ‘ದನಿ’ ಆಗಿ ಕೆಡುತ್ತದೆ. ‘ಪರಿಸರದಲ್ಲಿ ಅಡಗಿದ ಹಾರ (2)’ ಎಂದರೆ ಉತ್ತರ ಅಲ್ಲೇ ಇದೆ, ಸರ. ಇಂಥ ಸುಳಿವನ್ನು ಬೇರೆಯವರಿಗೆ ಹೇಳುವಾಗ ಪತ್ರಿಕೆಯಲ್ಲಿರುವಂತೆಯೇ ಓದಿ ಹೇಳಬೇಕು. ನಮ್ಮ ಮಾತಿನಲ್ಲಿ ಹೇಳಿದರೆ ಒಳಗಿದ್ದ ಕೀಲಿಯೇ ಕಳೆದುಹೋಗುತ್ತದೆ.

ಇನ್ನು ಯಾರನ್ನು ಕೇಳಬೇಕು ಎನ್ನುವುದು. ಈ ವಿಷಯದಲ್ಲಿ ಹಾಸನ, ಚಿಕ್ಕಮಗಳೂರಿನವರು ನಿಜಕ್ಕೂ ಪುಣ್ಯವಂತರು. ಎರಡೂ ಜಿಲ್ಲೆಯಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ‘ಎಳೆ ಬಿದಿರು (3)’ ಎಂದರೆ ಮೂಡಿಗೆರೆ, ಸಕಲೇಶಪುರದವರು ಕೇಳಿದ ಕೂಡಲೇ ಕಳಲೆ ಅನ್ನುತ್ತಾರೆ. ಮಳೆಗೆ ಹೊದೆಯುವ ಎಲೆಯ ಹೊದಿಕೆ ಗೊರಬು ಅವರಿಗೇ ಗೊತ್ತು. ಬೇಸಾಯದ ಸಾಮಾನಿನ ಸುಳಿವಾದರೆ ಅರಸೀಕೆರೆ, ಕಡೂರಿನ ಕಡೆಯವರನ್ನು ಕೇಳಬೇಕು: ಬಿತ್ತುವ ಕೂರಿಗೆ, ನೇಗಿಲ ಹಿಡಿ ಮೇಳಿ, ಕಾಳು ತುಂಬಿಡುವ ನೆಲದೊಳಗಿನ ಹಗೇವು. ನಾನು ಕೇಳುವುದು ಹೀಗೆ: ‘ಅಜ್ಜಿ, ಬೀಜ ಬಿತ್ತೋ ಸಾಮಾನಿಗೆ ನಿಮ್ಮ ಕಡೆ ಏನಂತೀರ? ಮೂರಕ್ಷರ, ಮಧ್ಯೆ ರಿ ಇದೆ.’ ನನ್ನ ಊಹೆಯನ್ನು ಮೊದಲೇ ಹೇಳುವುದಿಲ್ಲ. ಹೇಳಿದರೆ ಎದುರಿನವರು ‘ಇರಬಹುದು ಕಣಪ್ಪ’ ಅಂದುಬಿಡುತ್ತಾರೆ, ಅವರ ನೆನಪಿನಲ್ಲಿದ್ದ ಸರಿಯಾದ ಪದ ಹೊರಗೆ ಬರುವುದೇ ಇಲ್ಲ. ಸಿನಿಮಾ, ಕ್ರಿಕೆಟ್ ಸುಳಿವು ಹುಡುಗರಿಗೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುವುದಾದರೆ ಅನುಮಾನವಿರುವ ಅಕ್ಷರಗಳಿಗೆ ಸುತ್ತು ಹಾಕಿ ಕಳಿಸಬೇಕು. ಒಂದು ತಪ್ಪು ಅಕ್ಷರವನ್ನು ನಂಬಿದರೆ ನೆರವಿಗೆ ಬಂದವರೂ ದಾರಿ ತಪ್ಪುತ್ತಾರೆ.

ನಿಘಂಟುಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಸಮನಾದುದಿಲ್ಲ. ಅಷ್ಟನ್ನೂ ಮನೆಯಲ್ಲಿಡುವುದು ಎಲ್ಲರಿಂದ ಆಗದು, ದೊಡ್ಡ ಗ್ರಂಥಾಲಯಕ್ಕೆ ಹೋಗಿ ನೋಡಬೇಕು. 1894ರ ಕಿಟೆಲ್ ನಿಘಂಟು ಹಳೆಯ ಹಳ್ಳಿಮಾತುಗಳಿಗೆ ಇವತ್ತಿಗೂ ಆಧಾರ. ಹೊಸಬರು ತಡಕಾಡುವ ಒಂದು ಜಾಗ: ಕ್ಷ, ಜ್ಞ ವರ್ಣಮಾಲೆಯ ಕೊನೆಗೆ ಬರುತ್ತವೆಂದು ಶಾಲೆಯಲ್ಲಿ ಕಲಿತಿದ್ದರೂ ನಿಘಂಟಿನಲ್ಲಿ ಅವು ಕ ಮತ್ತು ಜ ವಿಭಾಗದ ಒಳಗೇ ಇರುತ್ತವೆ. ಮೊಬೈಲಿನಲ್ಲಿ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಇದೆ, ಒಂದೂವರೆ ಲಕ್ಷದಷ್ಟು ಪದಗಳಿರುವ ದೊಡ್ಡ ಕೆಲಸ. ಎಲ್ಲ ನಿಘಂಟಿನ ತೊಡಕು ಒಂದೇ. ಅಲ್ಲಿ ಮೊದಲ ಅಕ್ಷರದಿಂದ ಹುಡುಕಬೇಕು, ನಮ್ಮ ಬಳಿ ಇರುವುದು ಬಹಳ ಸಲ ಮಧ್ಯದ್ದೋ ಕೊನೆಯದ್ದೋ. ಆಗ ಸುಳಿವಿನ ಪದವನ್ನೇ ತೆಗೆದು ಅದರ ಅರ್ಥದ ಸಾಲಿನಲ್ಲಿ ಬರುವ ಪದಗಳನ್ನು ಒಂದೊಂದಾಗಿ ಚೌಕಕ್ಕೆ ಹಿಡಿದು ನೋಡುವುದೇ ದಾರಿ.

ಕಂಪ್ಯೂಟರಿಗೆ ‘ಎರಡಕ್ಷರದ ಪದ ಕೊಡು’ ಎಂದರೆ ಎಣಿಕೆ ಕೆಡುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕ, ಅದರ ವಟ್ರಸುಳಿ, ಷ, ಅರ್ಧಾಕ್ಷರದ ಗುರುತು (್), ಣ ಎಂದು ‘ಕೃಷ್ಣ’ ಐದು ಸಂಕೇತಗಳಾಗಿ ಇರುತ್ತದೆ. ಚಾಟ್‌ಬಾಟ್‌ಗಳೂ ಅಕ್ಷರ ಎಣಿಸುವಲ್ಲಿ ತಪ್ಪುವುದುಂಟು. ಅವುಗಳಿಂದ ಆನೆಗೆ ಸಮಾನಾರ್ಥಕ ಪದಗಳ ಪಟ್ಟಿ ಕೇಳಬಹುದು, ಎಣಿಕೆ ಮಾತ್ರ ನಾವೇ ಮಾಡಬೇಕು. ಬಂದ ಪದವನ್ನು ನಿಘಂಟಿನಲ್ಲಿ ಕಾಣದೆ ಚೌಕಕ್ಕೆ ಇಳಿಸಬಾರದು. ನನಗೆ ಇದಕ್ಕಿಂತ ಬೇಗ ನೆರವಾಗುವುದು ಸ್ವಂತ ನೋಟ್‌ಬುಕ್: ಆನೆ, ಸೂರ್ಯ, ಭೂಮಿ, ತಾವರೆ ಎಂದು ಒಂದೊಂದು ಪುಟ, ಪುಟದಲ್ಲಿ ಚೌಕದ ಎಣಿಕೆಯಂತೆ ಸಾಲು. ಆನೆಗೆ ಎರಡರಲ್ಲಿ ಕರಿ, ಗಜ, ದಂತಿ, ಇಭ. ಮೂರರಲ್ಲಿ ವಾರಣ, ಸಾಮಜ, ಮಾತಂಗ.

ನಮ್ಮ ಸೀಮೆಯ ಹೆಸರುಗಳೇ ಸುಳಿವಾಗಿ ಬಂದಾಗ ಕಣ್ಣುಮುಚ್ಚಿ ಬರೆದುಬಿಡುವ ಆಸೆಯಾಗುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ‘ಬೇಲೂರಿನ ಬಳಿ ಹರಿಯುವ ಹೊಳೆ (3)’ ಯಗಚಿ. ಅದೇ ಹೊಳೆಗೆ ಬದರಿ ಎಂಬ ಹೆಸರೂ ಇದೆ, ಅದೂ ಮೂರೇ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ದ್ವಾರಸಮುದ್ರ. ಎರಡೂ ಐದು ಚೌಕ, ಮೊದಲ ಅಕ್ಷರ ಮಾತ್ರ ಬೇರೆ. ವಿಷ್ಣುವರ್ಧನನ ರಾಣಿ ಶಾಂತಲೆಯೋ ಶಾಂತಲಾ ಎಂದೋ, ಹಾಸನಾಂಬೆಯೋ ಹಾಸನಾಂಬಾ ಎಂದೋ ಕೊನೆಯ ಚೌಕದಲ್ಲಿ ಸಂದೇಹ ಉಳಿಯುತ್ತದೆ. ಊರ್ಮಿಳೆ–ಊರ್ಮಿಲೆ, ಹಸಿರು–ಹಸುರು ಇವುಗಳದೂ ಇದೇ ಕಥೆ. ಇಲ್ಲಿ ಜನರನ್ನು ಕೇಳಿ ಪ್ರಯೋಜನವಿಲ್ಲ, ಎರಡೂ ಸರಿ ಎನ್ನುತ್ತಾರೆ, ಎರಡೂ ಸರಿಯೇ. ಆ ಒಂದು ಚೌಕವನ್ನು ಖಾಲಿ ಬಿಟ್ಟು ಅಡ್ಡಪದವನ್ನು ಮೊದಲು ಬಿಡಿಸಬೇಕು. ಅಡ್ಡಪದವೇ ಇಲ್ಲದ ಚೌಕವಾದರೆ ಎರಡು ರೂಪವನ್ನೂ ಪಕ್ಕದ ಅಂಚಿನಲ್ಲಿ ಬರೆದಿಟ್ಟು, ಮರುದಿನ ಉತ್ತರ ಅಚ್ಚಾದಾಗ ಆ ಪದಬಂಧ ಕಟ್ಟುವವರು ಯಾವ ರೂಪ ಬಳಸುತ್ತಾರೆ ಎಂದು ನೋಟ್‌ಬುಕ್ಕಿಗೆ ಏರಿಸುತ್ತೇನೆ. ಒಂದು ಪತ್ರಿಕೆಯಲ್ಲಿ ‘ಹಸುರು’ ಒಮ್ಮೆ ಬಂದಿದ್ದರೆ ಮುಂದಿನ ಸಲವೂ ಮೊದಲು ‘ಸು’ ಹಾಕಿಯೇ ನೋಡುವುದು.