ಕ್ವಿಯರ್ ಪ್ರವಾಸಿಗರಿಗೆ ಮುಂಬಯಿ: ಎರಡು ದಿನಗಳಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು

ಊರಿನಿಂದ ಮುಂಬಯಿಗೆ ಬರುವ ಗೇ, ಲೆಸ್ಬಿಯನ್ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸ್ನೇಹಿತರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಇಲ್ಲಿ ನಮ್ಮವರ ಏರಿಯಾ ಯಾವುದು?" ಅಂಥದೊಂದು ಪ್ರತ್ಯೇಕ ಬೀದಿ ಈ ನಗರದಲ್ಲಿ ಇಲ್ಲ. ನಮ್ಮವರ ಚರಿತ್ರೆ ಇಲ್ಲಿ ಎಲ್ಲರೂ ನೋಡುವ ಮೈದಾನ, ಚಿತ್ರಮಂದಿರ, ಗುಹೆಗಳ ಒಳಗೇ ಸೇರಿಕೊಂಡಿದೆ. ಆದ್ದರಿಂದ ಬೇರೆ ಪಟ್ಟಿ ಹುಡುಕುವ ಬದಲು, ಯಾವ ಜಾಗಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕು, ಅಲ್ಲಿ ಏನನ್ನು ಗಮನಿಸಬೇಕು ಎಂದು ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಬರಲು ಸೂಕ್ತವಾದ ಕಾಲ ಜನವರಿಯ ಕೊನೆ ಮತ್ತು ಫೆಬ್ರವರಿ. ಪ್ರೈಡ್ ಮೆರವಣಿಗೆ ಸಾಮಾನ್ಯವಾಗಿ ಆ ಸುಮಾರಿಗೆ ಬರುತ್ತದೆ, ಕಾಲಾ ಘೋಡಾ ಕಲಾ ಉತ್ಸವವೂ ಆಗಲೇ ನಡೆಯುತ್ತದೆ, ಸೆಕೆಯೂ ಕಡಿಮೆ. ಸಿನಿಮಾ ಪ್ರಿಯರಾದರೆ ಕ್ವಿಯರ್ ಚಲನಚಿತ್ರೋತ್ಸವ ನಡೆಯುವ ಬೇಸಿಗೆಯ ಕೊನೆಯಲ್ಲಿ ಬನ್ನಿ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗುವ ದೋಣಿಗಳು ನಿಂತುಬಿಡುತ್ತವೆ.

ಮೊದಲ ದಿನವನ್ನು ಪಶ್ಚಿಮ ರೈಲ್ವೆಯ ಗ್ರ್ಯಾಂಟ್ ರೋಡ್ ನಿಲ್ದಾಣದಿಂದ ಆರಂಭಿಸಿ. ಲೋಕಲ್ ರೈಲಿನ ಜನಜಂಗುಳಿ ತಪ್ಪಬೇಕಾದರೆ ಬೆಳಿಗ್ಗೆ ಹನ್ನೊಂದರ ನಂತರ ಹತ್ತಿ. ನಿಲ್ದಾಣದ ಪಶ್ಚಿಮಕ್ಕೆ ಇಳಿದು ಕಾಲು ಗಂಟೆ ನಡೆದರೆ ಆಗಸ್ಟ್ ಕ್ರಾಂತಿ ಮೈದಾನ. ಹಳಬರ ಬಾಯಲ್ಲಿ ಇನ್ನೂ ಗೋವಾಲಿಯಾ ಟ್ಯಾಂಕ್. ಪಕ್ಕದ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ 1885ರಲ್ಲಿ ಕಾಂಗ್ರೆಸ್ ಹುಟ್ಟಿತು, 1942ರ ಆಗಸ್ಟ್ 8ರಂದು 'ಭಾರತ ಬಿಟ್ಟು ತೊಲಗಿ' ಎಂಬ ಕರೆ ಈ ಮೈದಾನದಿಂದ ಹೊರಟಿತು. 2008ರ ಆಗಸ್ಟ್ ತಿಂಗಳಲ್ಲಿ 'ಕ್ವಿಯರ್ ಆಜಾದಿ' ಮೆರವಣಿಗೆ ಇಲ್ಲಿಂದಲೇ ಹೊರಟದ್ದು ಆಕಸ್ಮಿಕವಲ್ಲ. ಬ್ರಿಟಿಷರು ಹೋದ ಮೇಲೂ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ ಅವರ 377ನೆಯ ಕಲಂ ಹೋಗಿರಲಿಲ್ಲ ಎಂಬುದೇ ಮೆರವಣಿಗೆಯ ವಾದವಾಗಿತ್ತು. ಆ ವರ್ಷಗಳಲ್ಲಿ ಅನೇಕರು ಮುಖವಾಡ ಹಾಕಿಕೊಂಡು ನಡೆಯುತ್ತಿದ್ದರು. ಇಂದಿಗೂ ಮೆರವಣಿಗೆಗೆ ಬರುವವರೆಲ್ಲ ಮನೆಯಲ್ಲಿ ಹೇಳಿ ಬಂದಿರುವುದಿಲ್ಲ, ಆದ್ದರಿಂದ ಕೇಳದೆ ಯಾರ ಫೋಟೋ ತೆಗೆಯಬೇಡಿ, ತೆಗೆದರೂ ಕೇಳದೆ ಎಲ್ಲಿಯೂ ಹಾಕಬೇಡಿ. ಮೆರವಣಿಗೆ ಇಲ್ಲದ ದಿನ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು, ವಾಕಿಂಗ್ ಬಂದ ಅಜ್ಜಂದಿರು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಹತ್ತು ನಿಮಿಷ ಕೂತು, ಗಾಂಧೀಜಿ ತಂಗುತ್ತಿದ್ದ ಸಮೀಪದ ಮಣಿ ಭವನವನ್ನು ನೋಡಿ, ಗಿರ್‌ಗಾಂವ್ ಚೌಪಾಟಿಯತ್ತ ಇಳಿಯಿರಿ.

ಚೌಪಾಟಿಯಿಂದ ಮರೀನ್ ಡ್ರೈವ್‌ನ ತಡೆಗೋಡೆ ಹಿಡಿದು ನಡೆಯುವುದನ್ನು ಸಂಜೆ ಐದರ ನಂತರಕ್ಕೆ ಇಟ್ಟುಕೊಳ್ಳಿ. ಇಲ್ಲಿ ಜೋಡಿಗಳೆಲ್ಲ ರಸ್ತೆಗೆ ಬೆನ್ನು ಕೊಟ್ಟು ಸಮುದ್ರದ ಕಡೆ ಮುಖ ಮಾಡಿ ಕೂರುತ್ತಾರೆ, ಯಾರ ಜೊತೆ ಯಾರು ಕೂತಿದ್ದಾರೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ಒಂದು ಕೋಣೆಯಲ್ಲಿ ಆರು ಜನ ಮಲಗುವ ಈ ನಗರಕ್ಕೆ ಖಾಸಗಿ ಜಾಗ ಎಂದರೆ ಈ ಗೋಡೆಯೇ. ಇಬ್ಬರು ಗಂಡಸರು ಹೆಗಲ ಮೇಲೆ ಕೈ ಹಾಕಿ ಕೂತರೆ ಅದು ಗೆಳೆತನವೆಂದೇ ಲೆಕ್ಕ; ಮುತ್ತಿಡಲು ಹೊರಟರೆ ಮಾತ್ರ ಪೊಲೀಸರ ಲಾಠಿ ಕಲ್ಲನ್ನು ತಟ್ಟುತ್ತದೆ. ಆ ಲಾಠಿ ಗಂಡುಹೆಣ್ಣಿನ ಜೋಡಿಗಳನ್ನೂ ಬಿಡುವುದಿಲ್ಲ ಎಂಬುದು ಬೇರೆ ಮಾತು.

ಮರೀನ್ ಲೈನ್ಸ್ ನಿಲ್ದಾಣದ ಪೂರ್ವಕ್ಕೆ ಲಿಬರ್ಟಿ ಚಿತ್ರಮಂದಿರವಿದೆ. 1949ರಲ್ಲಿ ತೆರೆದ ಈ ಆರ್ಟ್ ಡೆಕೊ ಕಟ್ಟಡಕ್ಕೆ ಆ ಹೆಸರು ಬಂದದ್ದು ದೇಶದ ಸ್ವಾತಂತ್ರ್ಯದ ನೆನಪಿಗೆ. 2010ರಲ್ಲಿ ಶುರುವಾದ 'ಕಶಿಶ್' ಕ್ವಿಯರ್ ಚಲನಚಿತ್ರೋತ್ಸವ ಹಲವು ವರ್ಷ ಇದೇ ಚಿತ್ರಮಂದಿರದಲ್ಲಿ ನಡೆದಿದೆ. ಉತ್ಸವಕ್ಕೆ ಬರುವುದಾದರೆ ಮುಂಚೆಯೇ ನೋಂದಣಿ ಮಾಡಿಸಿ. ಒಂಟಿಯಾಗಿ ಬಂದವರಿಗೆ ಪಬ್ಬಿಗಿಂತ ಇದು ಸುಲಭ, ಮಧ್ಯಂತರದ ಚಹಾ ಸಾಲಿನಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ಎರಡನೆಯ ದಿನ ಸೋಮವಾರ ಆಗದಂತೆ ನೋಡಿಕೊಳ್ಳಿ, ಅಂದು ಎಲಿಫೆಂಟಾ ಗುಹೆಗಳಿಗೆ ರಜೆ. ಗೇಟ್‌ವೇ ಆಫ್ ಇಂಡಿಯಾದಿಂದ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದೋಣಿ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಆ ಗುಹೆಗಳಿರುವ ಘಾರಾಪುರಿ ದ್ವೀಪ ತಲುಪುತ್ತೀರಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಜೆಟ್ಟಿಯಿಂದ ಮೇಲಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ.

ಮೊದಲ ಗುಹೆಯಲ್ಲಿ ಎಲ್ಲರೂ ಮೂರು ಮುಖದ ಸದಾಶಿವನ ಮುಂದೆ ಗುಂಪುಗೂಡುತ್ತಾರೆ. ನೀವು ಅದರ ಎಡಬದಿಯ ಫಲಕದ ಎದುರು ನಿಲ್ಲಿ. ಅದು ಅರ್ಧನಾರೀಶ್ವರ. ನಮ್ಮ ಎಡಕ್ಕೆ ಕಾಣುವ ಶಿವನ ಅರ್ಧವು ನಂದಿಯ ಮೇಲೆ ತೋಳನ್ನು ಊರಿದೆ. ಬಲಕ್ಕೆ ಕಾಣುವ ಪಾರ್ವತಿಯ ಅರ್ಧದಲ್ಲಿ ದುಂಡು ಸ್ತನ, ಹೊರಳಿದ ಸೊಂಟ, ಎತ್ತಿದ ಕೈಯಲ್ಲಿ ಕನ್ನಡಿ. ಕೆಳಗಿನ ಭಾಗ ಒಡೆದುಹೋಗಿದೆ, ಆದರೂ ಗಂಡಿನ ಭುಜ ಎಲ್ಲಿ ಮುಗಿದು ಹೆಣ್ಣಿನ ಎದೆ ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಶಿಲ್ಪಿ ಅಲ್ಲಿ ಗೆರೆ ಎಳೆದಿಲ್ಲ. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನನ್ನು ನೋಡಿದವರು ಎರಡನ್ನೂ ಹೋಲಿಸಿ ನೋಡಬಹುದು. ಸವದತ್ತಿಯ ಜೋಗಪ್ಪಂದಿರನ್ನು ಕಂಡು ಬೆಳೆದ ನನ್ನೊಬ್ಬ ಗೆಳತಿ, ಟ್ರಾನ್ಸ್ ಮಹಿಳೆ, ಈ ಫಲಕದ ಮುಂದಿನಿಂದ ಅರ್ಧ ಗಂಟೆ ಕದಲಲಿಲ್ಲ. ಗೈಡ್ ಅವಸರ ಮಾಡಿದರೆ ಕಳಿಸಿಬಿಡಿ.

ಮಧ್ಯಾಹ್ನ ಗೇಟ್‌ವೇಗೆ ಮರಳಿದ ಮೇಲೆ ಕಾಲಾ ಘೋಡಾಕ್ಕೆ ನಡೆದೇ ಹೋಗಬಹುದು. ತನ್ನ ಸಲಿಂಗ ಪ್ರೀತಿಯನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸಿದ ಕಲಾವಿದ ಭೂಪೇನ್ ಖಖ್ಖರ್ ಹುಟ್ಟಿದ್ದು 1934ರಲ್ಲಿ ಇದೇ ನಗರದಲ್ಲಿ. ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಮತ್ತು ಜಹಾಂಗೀರ್ ಆರ್ಟ್ ಗ್ಯಾಲರಿ ಎರಡೂ ಹತ್ತಿರದಲ್ಲಿವೆ. ಆ ವಾರ ಯಾರ ಪ್ರದರ್ಶನವಿದೆ ಎಂದು ನೋಡಿಕೊಂಡು ಒಂದನ್ನು ಆರಿಸಿ.

ರಾತ್ರಿಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಜಾಗಗಳು ಬದಲಾಗುತ್ತಲೇ ಇರುತ್ತವೆ. 1998ರಿಂದ ಇರುವ 'ಗೇ ಬಾಂಬೆ' ಬಳಗದ ಪಾರ್ಟಿಗಳಿಗೆ ಕಾಯಂ ವಿಳಾಸವಿಲ್ಲ. ವಿಮಾನ ನಿಲ್ದಾಣದ ಬಳಿಯ ಲಲಿತ್ ಹೋಟೆಲಿನ 'ಕಿಟ್ಟಿ ಸು' ನೈಟ್‌ಕ್ಲಬ್ ಡ್ರ್ಯಾಗ್ (ಬೇರೆ ಲಿಂಗದ ವೇಷ ತೊಟ್ಟು ರಂಜಿಸುವ) ಪ್ರದರ್ಶನಗಳಿಂದ ಹೆಸರಾದದ್ದು. ಆ ಹೋಟೆಲ್ ಸಮೂಹದ ಕೇಶವ್ ಸೂರಿ 377ನೆಯ ಕಲಮನ್ನು ಪ್ರಶ್ನಿಸಿದ ಅರ್ಜಿದಾರರಲ್ಲಿ ಒಬ್ಬರು. ಎಲ್ಲಿಗೇ ಆಗಲಿ, ಅಂದಿನ ಕಾರ್ಯಕ್ರಮವನ್ನು ಖಚಿತಪಡಿಸಿಕೊಂಡು ಹೊರಡಿ. ಆ್ಯಪ್‌ನಲ್ಲಿ ಪರಿಚಯವಾದವರನ್ನು ಮೊದಲು ಕಾಫಿ ಅಂಗಡಿಯಲ್ಲಿ ಭೇಟಿಯಾಗಿ, ನೇರವಾಗಿ ಅವರ ಕೋಣೆಗೆ ಹೋಗಬೇಡಿ. ಫೋಟೋ ಇಟ್ಟುಕೊಂಡು ಹಣ ಕೇಳುವ ಗುಂಪುಗಳಿವೆ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ, ಆದ್ದರಿಂದ 'ಪೊಲೀಸರಿಗೆ ಹೇಳುತ್ತೇವೆ' ಎಂಬ ಬೆದರಿಕೆ ಟೊಳ್ಳು. 112ಕ್ಕೆ ಕರೆ ಮಾಡಿ. 1994ರಿಂದ ನಮ್ಮ ಸಮುದಾಯಕ್ಕಾಗಿ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್ ಸಾಂತಾಕ್ರೂಜ್‌ನಲ್ಲಿದೆ, ಅವರನ್ನೂ ಸಂಪರ್ಕಿಸಬಹುದು.

ವಸತಿಯ ವಿಷಯದಲ್ಲಿ ಇಬ್ಬರು ಗಂಡಸರಿಗೆ ಅಥವಾ ಇಬ್ಬರು ಹೆಂಗಸರಿಗೆ ಒಂದೇ ರೂಮು ಸಿಗುವುದು ಮದುವೆಯಾಗದ ಗಂಡುಹೆಣ್ಣಿಗೆ ಸಿಗುವುದಕ್ಕಿಂತ ಸುಲಭ. ತೊಂದರೆ ಬರುವುದು ಆಧಾರ್ ಕಾರ್ಡಿನ ಹೆಸರು ಮತ್ತು ಎದುರಿಗೆ ನಿಂತ ವ್ಯಕ್ತಿ ಹೊಂದದಿದ್ದಾಗ. ಮೇಲೆ ಹೇಳಿದ ಗೆಳತಿಯನ್ನು ದಾದರಿನ ಒಂದು ಲಾಡ್ಜ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ್ದರು. ಈಗ ಆ ಗೆಳತಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯಿದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಚೀಟಿಯ ನಕಲನ್ನು ಬುಕ್ ಮಾಡುವಾಗಲೇ ಕಳಿಸಿ, ಫೋನ್ ಮಾಡಿ ಹೇಳಿಯೇ ಬರುತ್ತಾರೆ. ಮಾಲ್ ಮತ್ತು ಚಿತ್ರಮಂದಿರಗಳ ತಪಾಸಣೆಯಲ್ಲಿ ಗಂಡು, ಹೆಣ್ಣು ಎಂದು ಎರಡೇ ಸಾಲು ಇರುವುದು ಸಾಮಾನ್ಯ; ಯಾವುದರಲ್ಲಿ ನಿಲ್ಲುತ್ತೀರೆಂದು ಮೊದಲೇ ಹೇಳಿಬಿಟ್ಟರೆ ರಗಳೆ ಕಡಿಮೆ.

ಊಟಕ್ಕೆ ಮಾಟುಂಗಕ್ಕೆ ಬನ್ನಿ. ನಿಲ್ದಾಣದ ಪಕ್ಕದ ರಾಮ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ, ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್‌ನಲ್ಲಿ ಇಡ್ಲಿ, ಫಿಲ್ಟರ್ ಕಾಫಿ. ಒಂದು ಎಚ್ಚರಿಕೆ ಮಾತ್ರ ಇದೆ. ಮುಂಬಯಿಯಲ್ಲಿ ನಿಮ್ಮನ್ನು ಗುರುತಿಸುವವರಿಲ್ಲ ಎಂಬ ಧೈರ್ಯ ಮಾಟುಂಗಕ್ಕೆ ಅನ್ವಯಿಸುವುದಿಲ್ಲ; ಒಂದೇ ಮೇಜಿಗೆ ನಾಲ್ವರನ್ನು ಕೂರಿಸುವ ಈ ಹೋಟೆಲುಗಳಲ್ಲಿ ಎದುರಿಗೆ ಕೂತವರು "ಊರು ಯಾವುದು, ಯಾರ ಮನೆ?" ಎಂದು ಕೇಳಿಯೇ ಕೇಳುತ್ತಾರೆ, ಕೊನೆಗೆ ಅವರು ನಿಮ್ಮ ದೊಡ್ಡಮ್ಮನ ನೆಂಟರೂ ಆಗಿರಬಹುದು. ಜೊತೆಗಿರುವವರನ್ನು ಏನೆಂದು ಪರಿಚಯಿಸುತ್ತೀರಿ ಎಂಬುದನ್ನು ಇಬ್ಬರೂ ರೈಲಿನಲ್ಲೇ ಮಾತಾಡಿಕೊಂಡು ಇಳಿಯಿರಿ.