ಫಾಗ್ ಲೈಟ್ ವೈರಿಂಗ್ ಬಿಚ್ಚಿ ಮತ್ತೆ ಮಾಡಿದ್ದು

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬೈಕ್ ಓಡಿಸುವವರಿಗೆ ಫಾಗ್ ಲೈಟ್ ಶೋಕಿಯ ವಸ್ತುವಲ್ಲ. ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ತಗ್ಗಿನಿಂದ, ಅಗಲವಾಗಿ ಬೀಳುವ ಬೆಳಕು ಬೇಕು. ಅದಕ್ಕೇ ನನ್ನ ತಮ್ಮ 20 ವ್ಯಾಟಿನ ಎರಡು ಎಲ್‌ಇಡಿ ದೀಪ ತಂದು, ಮನೆಯಲ್ಲೇ ಕ್ರ್ಯಾಶ್ ಗಾರ್ಡಿಗೆ ಕೂರಿಸಿದ. ಕೂರಿಸಿದ್ದೇನೋ ಗಟ್ಟಿಯಾಗಿತ್ತು. ತಪ್ಪಿದ್ದು ವೈರಿಂಗ್‌ನಲ್ಲಿ.

ಹೆಡ್‌ಲೈಟ್ ವೈರಿನ ಸಿಪ್ಪೆ ಸುಲಿದು, ಅದಕ್ಕೆ ತೆಳ್ಳನೆಯ ವೈರ್ ಸುತ್ತಿ, ಮೇಲೆ ಟೇಪ್ ಹಾಕಿದ್ದ. ರಿಲೇ (ಪುಟ್ಟ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಇಲ್ಲ, ಫ್ಯೂಸ್ ಇಲ್ಲ. ಫಾಗ್ ಲೈಟ್ ಹಾಕಿದ ತಕ್ಷಣ ಹೆಡ್‌ಲೈಟ್ ಮಂಕಾಗುತ್ತಿತ್ತು. ಒಂದು ರಾತ್ರಿ ಬಂದವನೇ, "ಅಣ್ಣ, ಸ್ವಿಚ್ ಹತ್ರ ಸುಟ್ಟ ವಾಸನೆ ಬರ್ತಿದೆ" ಅಂದ. ದೊಡ್ಡ ಸ್ವಿಚ್ ಹಾಕಿದರೆ ಸಾಕು ಅಂತ ಯಾರೋ ಹೇಳಿದ್ದರಂತೆ. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ, ಅಂದರೆ ಇಲ್ಲಿ ಬ್ಯಾಟರಿಯ 12ರಿಂದ, ಭಾಗಿಸಿದರೆ ಆಂಪಿಯರ್. ಅವನ ಗಾಡಿಯ ಹೆಡ್‌ಲೈಟಿಗೆ 60/55 ವ್ಯಾಟಿನ (ಹೈಬೀಮ್ 60, ಲೋಬೀಮ್ 55) ಎಚ್4 ಬಲ್ಬ್ ಇದೆ. ಹೈಬೀಮ್ ಒಂದೇ ಸುಮಾರು 5 ಆಂಪಿಯರ್ ಎಳೆಯುತ್ತದೆ. ಎರಡು ಫಾಗ್ ಲೈಟ್ ಸೇರಿ 40 ವ್ಯಾಟ್, ಅಂದರೆ ಇನ್ನೂ 3.3 ಆಂಪಿಯರ್. ಹೆಡ್‌ಲೈಟಿನ ವೈರು, ಹ್ಯಾಂಡಲ್ ಮೇಲಿನ ಸ್ವಿಚ್ಚು ಹೆಡ್‌ಲೈಟ್ ಒಂದಕ್ಕೆ ಅಂತ ಮಾಡಿದವು. ಅವುಗಳ ಮೇಲೆ ಎಂಟು ಆಂಪಿಯರ್‌ಗೂ ಜಾಸ್ತಿ ಹೊರೆ ಬಿದ್ದಿತ್ತು. ಮೇಲಾಗಿ, 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಆ ವೈರಿಗೆ ಬಿಡುವೇ ಇಲ್ಲ. ಸುಡದೆ ಇನ್ನೇನು?

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಮೈನಸ್‌ಗೆ ಸೇರಿರುವ ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ತಗುಲಿದರೆ ಅಲ್ಲೇ ಶಾರ್ಟ್ ಆಗುತ್ತದೆ. ಆಮೇಲೆ ಟೇಪ್ ಬಿಡಿಸಿ ನೋಡಿದರೆ ಸುತ್ತಿದ ಜಾಗದಲ್ಲಿ ತಾಮ್ರ ಕಪ್ಪಾಗಿತ್ತು. ಅಷ್ಟು ಭಾಗ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಸೇರಿಸಿ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಬಿಗಿದು), ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೈಕಿನಲ್ಲಿ ನಾನು ಬೆಸುಗೆಗಿಂತ ಕ್ರಿಂಪನ್ನೇ ನಂಬುತ್ತೇನೆ. ಬೆಸುಗೆ ಹಾಕಿದ ವೈರ್ ಗಡುಸಾಗಿ, ಎಂಜಿನ್ ಅದುರುವಿಕೆಗೆ ಆ ಅಂಚಿನಲ್ಲೇ ಮುರಿಯುತ್ತದೆ. ಹೆಡ್‌ಲೈಟ್ ಹೀಗೆ ಮೊದಲಿನಂತಾದ ಮೇಲೆ ಫಾಗ್ ಲೈಟಿಗೆ ಬೇರೆಯೇ ದಾರಿ ಮಾಡಿದೆ.

ನಾಲ್ಕು ಕಾಲಿನ 12 ವೋಲ್ಟ್ ರಿಲೇ ತಂದೆ. ಕಾಲುಗಳ ಪಕ್ಕ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, 87ರಿಂದ ದೀಪಗಳಿಗೆ, 85 ಮೈನಸ್‌ಗೆ. 86ಕ್ಕೆ ಪಾರ್ಕಿಂಗ್ ಲೈಟಿನ ವೈರಿನಿಂದ ಸ್ವಿಚ್ ಮೂಲಕ ಕರೆಂಟ್ ಕೊಟ್ಟೆ. ಈಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯುವಷ್ಟು ಪುಟ್ಟ ಕರೆಂಟ್ ಮಾತ್ರ. ಕೀ ತೆಗೆದರೆ ಫಾಗ್ ಲೈಟೂ ಆರುತ್ತದೆ, ಮರೆತು ಬ್ಯಾಟರಿ ಇಳಿಯುವ ಭಯವಿಲ್ಲ.

ಫ್ಯೂಸ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಅದು ಕಾಯುವುದು ದೀಪವನ್ನಲ್ಲ, ವೈರನ್ನು. ಹಾಗಾಗಿ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಹಾಕಿದರೆ, ನಡುವೆ ವೈರ್ ಸವೆದು ಚಾಸಿಗೆ ತಗುಲಿದಾಗ ಅದು ಇದ್ದೂ ಉಪಯೋಗವಿಲ್ಲ. 1 ಚದರ ಮಿಲಿಮೀಟರ್ ವೈರಿಗೆ 7.5 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಗಾಡಿಗೆ ಬೆಂಕಿ ಬೀಳುವುದು ಹಾಗೆಯೇ.

ದೀಪದ ಮೈನಸ್ಸನ್ನೂ ಪೇಂಟ್ ಇರುವ ಬೋಲ್ಟಿಗೆ ಕಟ್ಟದೆ ಬ್ಯಾಟರಿಗೇ ತಂದೆ. ನಮ್ಮ ಮಳೆಗೆ ನೀರು ನಿಲ್ಲದಿರಲಿ ಅಂತ ರಿಲೇಯ ಕಾಲುಗಳನ್ನು ಕೆಳಮುಖ ಮಾಡಿದೆ. ಸೈಲೆನ್ಸರ್ ಬೆಂಡ್‌ನಿಂದ ವೈರ್ ದೂರ ಇಟ್ಟೆ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ವೈರ್ ಎಳೆಯುತ್ತಿಲ್ಲ ಅಂತ ನೋಡಿದ ಮೇಲೇ ಟೈ ಬಿಗಿದೆ. ಬ್ಯಾಟರಿ ಮೈನಸ್ ಕಟ್ಟಿದ್ದು ಕೊನೆಗೆ.

ಎಂಜಿನ್ ಓಡಿಸಿ, ಎಲ್ಲ ದೀಪ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಫಾಗ್ ಲೈಟಿನ ಪ್ಲಸ್‌ಗೆ ಇಟ್ಟೆ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಿತು. ಅಷ್ಟಿದ್ದರೆ ದಾರಿಯಲ್ಲಿ ಹೆಚ್ಚು ನಷ್ಟ ಇಲ್ಲ ಅಂತಲೇ ಅರ್ಥ. ಅರ್ಧ ಗಂಟೆ ಬಿಟ್ಟು ಮುಟ್ಟಿದರೂ ವೈರ್, ಸ್ವಿಚ್ ತಣ್ಣಗಿದ್ದವು. ಹೆಡ್‌ಲೈಟೂ ಮಂಕಾಗಲಿಲ್ಲ.

ಉಳಿದದ್ದು ದೀಪದ ಕೋನ. ಗಾಡಿಯನ್ನು ಗೋಡೆಯಿಂದ ಏಳೆಂಟು ಮೀಟರ್ ದೂರ ನಿಲ್ಲಿಸಿ, ಬೆಳಕಿನ ಮೇಲಂಚು ದೀಪ ಇರುವ ಎತ್ತರಕ್ಕಿಂತ ತಗ್ಗಿನಲ್ಲೇ ಬೀಳುವಂತೆ ದೀಪ ಬಗ್ಗಿಸಲು ತಮ್ಮನಿಗೇ ಹೇಳಿದೆ. ಎದುರಿನವರ ಕಣ್ಣಿಗೆ ಹೊಡೆದರೆ ಘಾಟಿಯ ತಿರುವಿನಲ್ಲಿ ಅಪಾಯ ಇಬ್ಬರಿಗೂ ಅಲ್ವಾ? 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕುತ್ತಿದ್ದಾರೆ, ಅದೂ ಸರಿಯೇ. ಮಂಜಿಲ್ಲದಾಗ ಆರಿಸಿಟ್ಟಿರು ಅಂತ ಅವನಿಗೆ ಹೇಳಿದ್ದೇನೆ. ಸೀಟಿನಡಿ ಎರಡು ಸ್ಪೇರ್ ಫ್ಯೂಸ್, ಜೊತೆಗೆ ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದೇನೆ.